ಜ್ವಾಲಾಮುಖಿ ಮುಗಿಯಿತು, ಮುಂದೇನು?

ಪ್ರಶ್ನೆ: ನಮ್ಮದು ವಿಜಯಪುರ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ಅಡುಗೆ ಸೋಡಾ, ನಿಂಬೆಹಣ್ಣು ಹಾಕಿ ‘ಜ್ವಾಲಾಮುಖಿ’ ಮಾಡಿಸಿದೆ. ಎರಡು ದಿನ ಖುಷಿ, ಮೂರನೇ ದಿನ ಬೇಜಾರು. ಅಂಗಡಿಯ ಸೈನ್ಸ್ ಕಿಟ್ ದುಬಾರಿ. ಅಡುಗೆಮನೆ ಸಾಮಾನಿನಲ್ಲೇ ಆಗುವಂಥ, ಅಪಾಯವಿಲ್ಲದ ಪ್ರಯೋಗಗಳು ಯಾವುವು? ನಾನು ಓದಿದ್ದು ಬಿ.ಎ. ಮಗಳು ‘ಯಾಕೆ?’ ಅಂದರೆ ಏನು ಹೇಳಲಿ? ಇನ್ನೊಂದು, ಆಹಾರ ಹಾಳು ಮಾಡ್ತೀರಿ ಅಂತ ಅತ್ತೆಯವರ ತಕರಾರು.

ಉತ್ತರ: ಮೂರನೇ ದಿನ ಬೇಜಾರಾದದ್ದು ಮಕ್ಕಳ ತಪ್ಪಲ್ಲ. ನೊರೆ ಉಕ್ಕುತ್ತದೆ ಎಂದು ಗೊತ್ತಾದ ಮೇಲೆ ಮತ್ತೆ ಮತ್ತೆ ನೊರೆ ಉಕ್ಕಿಸುವುದರಲ್ಲಿ ನೋಡುವುದೇನಿದೆ? ವಿಡಿಯೊಗಳಲ್ಲಿ ಬರುವ ಮುಕ್ಕಾಲುಪಾಲು ‘ಪ್ರಯೋಗ’ಗಳ ಹಣೆಬರಹ ಇದೇ. ಅವುಗಳಲ್ಲಿ ಏನಾಗುತ್ತದೆ ಎಂಬುದು ಮೊದಲೇ ಗೊತ್ತು, ಹಾಗಾಗಿ ಅವು ಪ್ರಯೋಗಕ್ಕಿಂತ ಹೆಚ್ಚಾಗಿ ಜಾದೂ. ನೀವು ಪಟ್ಟಿ ಕೇಳಿದ್ದೀರಿ. ಇಪ್ಪತ್ತೈದು ಪ್ರಯೋಗಗಳ ಪಟ್ಟಿ ಕೊಡುವುದು ಸುಲಭ, ಅದು ಒಂದು ವಾರದಲ್ಲಿ ಖಾಲಿಯಾಗುತ್ತದೆ. ಅದರ ಬದಲು ಎರಡು ಮೂರು ಸಾಮಾನು ಹಿಡಿದು, ಒಂದರಿಂದ ಹುಟ್ಟಿದ ಪ್ರಶ್ನೆಯ ಬೆನ್ನು ಹತ್ತಿ ಮುಂದಿನದಕ್ಕೆ ಹೋಗುವುದು ಹೇಗೆಂದು ಹೇಳುತ್ತೇನೆ.

ಜ್ವಾಲಾಮುಖಿಯನ್ನೇ ಪೂರ್ತಿ ಕೈಬಿಡಬೇಕಿಲ್ಲ. ಈ ಸಲ ನೊರೆ ನೋಡುವುದು ಬೇಡ, ಲೋಟ ಮುಟ್ಟಿ ನೋಡಲಿ. ನಿಂಬೆರಸಕ್ಕೆ ಸೋಡಾ ಬಿದ್ದು ಬುಸ್ಸೆಂದಾಗ ಲೋಟ ಬಿಸಿಯಾಗುತ್ತದೋ, ತಣ್ಣಗಾಗುತ್ತದೋ? ಮೊದಲು ಇಬ್ಬರೂ ಊಹಿಸಿ ಹೇಳಬೇಕು. ಹೆಚ್ಚಿನ ಮಕ್ಕಳು ‘ಬಿಸಿ’ ಅನ್ನುತ್ತಾರೆ, ದೊಡ್ಡವರೂ ಅನ್ನುತ್ತಾರೆ. ಆಗುವುದು ತಣ್ಣಗೆ. ಈ ಕ್ರಿಯೆ ಸುತ್ತಲಿನ ಶಾಖವನ್ನೇ ಎಳೆದುಕೊಂಡು ನಡೆಯುತ್ತದೆ. ಆಮೇಲೆ ಇದನ್ನೇ ಒಂದು ದೊಡ್ಡ ಜಗ್ಗಿನಲ್ಲಿ ಮಾಡಿ, ನೊರೆ ಇಳಿದ ಮೇಲೆ, ಒಳಗಿನ ದ್ರವ ಚೆಲ್ಲದಂತೆ ಜಗ್ಗನ್ನು ಉರಿಯುವ ಹಣತೆಯ ಮೇಲೆ ಬಗ್ಗಿಸಿ. ಏನೂ ಸುರಿದಂತೆ ಕಾಣುವುದಿಲ್ಲ, ದೀಪ ಮಾತ್ರ ಆರುತ್ತದೆ. ಸುರಿದದ್ದು ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರ. (ದೀಪದ ಕೆಲಸ ನಿಮ್ಮ ಕೈಯಲ್ಲಿರಲಿ.) ಅಂದಹಾಗೆ, ನಿಜವಾದ ಜ್ವಾಲಾಮುಖಿಗೂ ಸೋಡಾಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಹೇಳಲೇಬೇಕು. ನಿಜವಾದದ್ದನ್ನು ತೋರಿಸಬೇಕೆಂದರೆ ಗೋಲ ಗುಮ್ಮಟಕ್ಕೆ ಕರೆದುಕೊಂಡು ಹೋಗಿ. ಅದನ್ನು ಕಟ್ಟಿದ ಕಪ್ಪು ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಮೇಲೆಲ್ಲ ಹರಿದು ಗಟ್ಟಿಯಾದ ಲಾವಾ ಅದು. ನಿಮ್ಮ ಹೊಲಗಳ ಎರೆಮಣ್ಣೂ ಅದೇ ಕಲ್ಲು ಸವೆದು ಆದದ್ದು.

ಈಗ ಅರಿಶಿನ. ಅಡುಗೆಮನೆಯಲ್ಲಿ ಒಂದೇ ಒಂದು ಸಾಮಾನು ಆರಿಸಿಕೋ ಎಂದರೆ ನಾನು ಆರಿಸುವುದು ಇದನ್ನು.

ಅರ್ಧ ಚಮಚ ಅರಿಶಿನಕ್ಕೆ ಮೂರ್ನಾಲ್ಕು ಚಮಚ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಕಲಸಿ. ನೀರಿನಲ್ಲೂ ಆಗುತ್ತದೆ, ಆದರೆ ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೊಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಸ್ಯಾನಿಟೈಸರಿಗೆ ಬೆಂಕಿ ಹತ್ತುತ್ತದೆ, ಹಾಗಾಗಿ ಈ ಕೆಲಸ ಒಲೆಯಿಂದ ದೂರ, ಪಡಸಾಲೆಯಲ್ಲಿ ನಡೆಯಲಿ. ಬಿಳಿ ಕಾಗದಕ್ಕೆ ಅದನ್ನು ಬಳಿದು, ನೆರಳಲ್ಲಿ ಒಣಗಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ. ಇವೇ ನಿಮ್ಮ ಪರೀಕ್ಷೆಯ ಕಾಗದ. ಪುಟ್ಟ ಬಟ್ಟಲುಗಳಲ್ಲಿ ಸಾಬೂನು ನೀರು, ನಿಂಬೆರಸ, ಮಜ್ಜಿಗೆ, ಉಪ್ಪುನೀರು, ಅಡುಗೆ ಸೋಡಾ ಕದಡಿದ ನೀರು, ಒಲೆಯ ಬೂದಿ ಸಿಕ್ಕರೆ ಅದನ್ನು ಕದಡಿ ಸೋಸಿದ ನೀರು ಇಡಿ. ಒಂದೊಂದಕ್ಕೂ ಕಾಗದ ಅದ್ದುವ ಮೊದಲು ಊಹೆ. ಸಾಬೂನಿನಲ್ಲಿ, ಬೂದಿನೀರಿನಲ್ಲಿ ಕಾಗದ ಕೆಂಪಗೆ ತಿರುಗುತ್ತದೆ, ಸೋಡಾದಲ್ಲಿ ಕೊಂಚ ಮಂದವಾಗಿ. ಉಳಿದದ್ದರಲ್ಲಿ ಹಳದಿ ಹಳದಿಯಾಗಿಯೇ ಇರುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ, ಇಲ್ಲಿಂದಲೇ ಪ್ರಯೋಗ ಶುರು. ಮಗಳನ್ನು ಕೇಳಿ: ನಿಂಬೆರಸದಲ್ಲೂ ಹಳದಿ, ಬರೀ ನೀರಿನಲ್ಲೂ ಹಳದಿ, ಹಾಗಾದರೆ ಎರಡೂ ಒಂದೇನಾ? ರುಚಿ ನೋಡದೆ, ಈ ಕಾಗದದಿಂದಲೇ ಬೇರೆ ಮಾಡಿ ತೋರಿಸುತ್ತೀಯಾ? ಈ ಪ್ರಶ್ನೆಗೆ ಒಂದು ದಿನ ಹಿಡಿದರೂ ಹಿಡಿಯಲಿ, ನೀವು ಬಾಯಿ ಬಿಡಬೇಡಿ. ಉಪಾಯ ಇಷ್ಟೇ: ಮೊದಲು ಕಾಗದವನ್ನು ಸೋಡಾ ನೀರಿನಲ್ಲಿ ಕೆಂಪು ಮಾಡಿಕೊಂಡು, ಆಮೇಲೆ ಒಂದರ ಮೇಲೆ ನೀರು, ಇನ್ನೊಂದರ ಮೇಲೆ ನಿಂಬೆರಸದ ಹನಿ ಹಾಕುವುದು. ನಿಂಬೆರಸ ಬಿದ್ದದ್ದು ಥಟ್ಟನೆ ಹಳದಿಗೆ ಮರಳುತ್ತದೆ, ನೀರು ಬಿದ್ದದ್ದು ಹಾಗೆ ಮರಳುವುದಿಲ್ಲ. ಮಗು ಇದನ್ನು ತಾನೇ ಕಂಡುಕೊಂಡರೆ ಆಮ್ಲ (ನಿಂಬೆಯಂಥ ಹುಳಿ), ಪ್ರತ್ಯಾಮ್ಲ (ಅರಿಶಿನವನ್ನು ಕೆಂಪಾಗಿಸುವ ಸಾಬೂನು, ಸೋಡಾದಂಥವು) ಎಂಬ ಪಾಠ ಮುಂದೆ ಶಾಲೆಯಲ್ಲಿ ಬಂದಾಗ ಉರು ಹೊಡೆಯಬೇಕಾಗುವುದಿಲ್ಲ.

ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಎತ್ತುವ ಕೆಂಪು ನೀರಿನ ಆರತಿ ನೆನಪಿದೆಯಲ್ಲ? ಅದರಲ್ಲಿ ಕುಂಕುಮ ಹಾಕದಿದ್ದರೂ ಕೆಂಪು ಬರುತ್ತದೆ: ಅರಿಶಿನ, ಸುಣ್ಣ, ನೀರು. ಆ ತಟ್ಟೆಗೆ ಒಂದು ಹೋಳು ನಿಂಬೆಹಣ್ಣು ಹಿಂಡಿದರೆ ಏನಾದೀತು ಎಂದು ಮಗಳನ್ನು ಕೇಳಿ. ಈಗ ಅವಳೇ ಹೇಳುತ್ತಾಳೆ. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆ ಸಾಬೂನು ಹಚ್ಚಿದ ಕೂಡಲೇ ಕೆಂಪಗಾಗುವುದೂ ಇದೇ ಕಾರಣಕ್ಕೆ. ಅಂಗಿ ಎಂದಾಗ ಇನ್ನೊಂದು: ಎರಡು ಬಿಳಿ ಬಟ್ಟೆ ಚೂರುಗಳಿಗೆ ಒಂದೇ ಸಮ ಅರಿಶಿನ ಹಚ್ಚಿ, ಒಂದನ್ನು ಬಿಸಿಲಿಗೆ, ಒಂದನ್ನು ಕಪಾಟಿನೊಳಗೆ ಇಡಿ. ನಿಮ್ಮ ಕಡೆಯ ಬಿಸಿಲಿಗೆ ಕರ್ಕ್ಯುಮಿನ್ ಬಹಳ ಹೊತ್ತು ತಡೆಯುವುದಿಲ್ಲ. ಇದು ಆರು ವರ್ಷದವನ ಪ್ರಯೋಗ, ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುವ ಕೆಲಸ ಅವನಿಗೆ.

ಅರಿಶಿನಕ್ಕಿಂತ ಹೆಚ್ಚು ಬಣ್ಣ ಬೇಕೆಂದರೆ ಬೇಲಿಯ ನೀಲಿ ಶಂಖಪುಷ್ಪ ತನ್ನಿ. ಬಿಸಿನೀರಿನಲ್ಲಿ ನೆನೆಸಿದರೆ ನೀಲಿ ಕಷಾಯ ಸಿಗುತ್ತದೆ. ನಿಂಬೆರಸಕ್ಕೆ ಅದು ನೇರಳೆ-ಗುಲಾಬಿ, ಸೋಡಾಕ್ಕೆ ಹಸಿರು ಛಾಯೆ. ಹೀಗೆ ಹೂವಿನ ರಸದಿಂದ ಆಮ್ಲವನ್ನು ಪತ್ತೆ ಮಾಡುವುದನ್ನು 1664ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ವಯೊಲೆಟ್ ಹೂಗಳ ಪಾಕ ಬಳಸಿ ವಿವರಿಸಿದ್ದ. ಅವನ ಪ್ರಯೋಗಶಾಲೆಯಲ್ಲೂ ಇದಕ್ಕೆ ಬೇಕಾದದ್ದು ಹೂವಿನ ಪಾಕ, ಹುಳಿ, ಕ್ಷಾರ ಇಷ್ಟೇ.

ಇನ್ನು ಹಿಟ್ಟು. ನಿಮ್ಮ ಮನೆಯಲ್ಲಿ ದಿನಾ ನಡೆಯುವ, ಆದರೆ ಯಾರೂ ಪ್ರಯೋಗ ಎನ್ನದ ಒಂದು ಸಂಗತಿ ಇದೆ. ಚಪಾತಿ ಹಿಟ್ಟಿಗೆ ತಣ್ಣೀರು ಸಾಕು, ಲಟ್ಟಿಸಬಹುದು. ಜೋಳದ ಹಿಟ್ಟಿಗೆ ಎಸರು ಬೇಕು, ಕೈಯಲ್ಲಿ ಬಡಿಯಬೇಕು. ಯಾಕೆ?

ಗೋಧಿ ಹಿಟ್ಟಿನ ಒಂದು ನಿಂಬೆಗಾತ್ರದ ಉಂಡೆ ನಾದಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒಂದು ಬೋಗುಣಿ ನೀರಿನೊಳಗೆ ಅದನ್ನು ಮೆತ್ತಗೆ ಹಿಸುಕುತ್ತಾ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನೀರು ಬದಲಿಸಿ ಮತ್ತೆ ಹಿಸುಕಿ. (ಮೊದಲ ಬೋಗುಣಿಯ ಬಿಳಿ ನೀರು ಎತ್ತಿಡಿ, ಅದಕ್ಕೆ ಕೆಲಸವಿದೆ.) ಕೊನೆಗೆ ಕೈಯಲ್ಲಿ ಉಳಿಯುವುದು ಬೂದುಬಣ್ಣದ, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಒಂದು ಮುದ್ದೆ. ಅದೇ ಗ್ಲುಟೆನ್, ಗೋಧಿಯ ಪ್ರೋಟೀನು. ಮೈದಾದಲ್ಲಿ ಮಾಡಿದರೆ ಇನ್ನೂ ಶುಭ್ರವಾಗಿ ಬರುತ್ತದೆ, ಗೋಧಿ ಹಿಟ್ಟಿನಲ್ಲಿ ತೌಡು ಸೇರಿಕೊಂಡಿರುತ್ತದೆ. ಇಟಲಿಯ ಬೊಲೊನ್ಯಾದ ಬೆಕಾರಿ ಎಂಬ ವಿದ್ವಾಂಸ ಗ್ಲುಟೆನ್ ಬೇರ್ಪಡಿಸಿದ ಬಗ್ಗೆ 1745ರಲ್ಲಿ ಅಚ್ಚಾದ ಲೇಖನದಲ್ಲಿದ್ದದ್ದು ಇದೇ ಕೆಲಸ, ಹಿಟ್ಟನ್ನು ನೀರಿನಲ್ಲಿ ತೊಳೆಯುವುದು.

ಈಗ ಜೋಳದ ಹಿಟ್ಟಿನ ಉಂಡೆಯನ್ನು ಹಾಗೇ ತೊಳೆದು ನೋಡಿ. ಏನೂ ಉಳಿಯುವುದಿಲ್ಲ, ಎಲ್ಲ ಕರಗಿ ತಳಕ್ಕೆ ಕೂರುತ್ತದೆ. ಜೋಳದಲ್ಲೂ ಪ್ರೋಟೀನು ಇದೆ, ಆದರೆ ಅದಕ್ಕೆ ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುವ ಗುಣವಿಲ್ಲ. ಹಾಗಿದ್ದರೆ ರೊಟ್ಟಿ ಹೇಗೆ ಒಡೆಯದೆ ನಿಲ್ಲುತ್ತದೆ? ಅದಕ್ಕೇ ಎಸರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಜೋಳದ ಪಿಷ್ಟದ (ಸ್ಟಾರ್ಚ್) ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಈ ಅಂಟು ಮಾಡುತ್ತದೆ. ಇದನ್ನು ಬಾಯಲ್ಲಿ ಹೇಳುವ ಬದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ, ಒಂದು ಹಿಡಿಯನ್ನು ಎಸರಿನಲ್ಲಿ ಕಲಸಿ, ಎರಡರಿಂದಲೂ ಪುಟ್ಟ ರೊಟ್ಟಿ ಬಡಿಯಲು ಮಗಳಿಗೆ ಕೊಡಿ. ಎಸರನ್ನು ನೀವೇ ಹಾಕಿ, ಆರಿದ ಮೇಲೆ ಅವಳ ಕೈಗೆ ಕೊಟ್ಟರೆ ಸಾಕು. ತಣ್ಣೀರಿನದು ಅಂಚಿನಿಂದಲೇ ಬಿರಿಯುತ್ತದೆ. ಹಿಟ್ಟು ಒಂದೇ, ಕೈ ಒಂದೇ, ಬದಲಾದದ್ದು ನೀರಿನ ಬಿಸಿ ಮಾತ್ರ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡುವ ಈ ಅಭ್ಯಾಸ ಕೈಗೆ ಹತ್ತಿತೆಂದರೆ ಮಗು ಯಾವ ಪ್ರಯೋಗವನ್ನಾದರೂ ತಾನೇ ಹೂಡಿಕೊಳ್ಳುತ್ತದೆ.

ಎತ್ತಿಟ್ಟ ಬಿಳಿ ನೀರಿಗೆ ಬರೋಣ. ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣದ ಚಿಕ್ಕ ಬಾಟಲಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. ಎರಡು ಚಮಚ ನೀರಿಗೆ ಅದರ ನಾಲ್ಕೈದು ಹನಿ ಹಾಕಿ ತೆಳ್ಳಗೆ ಮಾಡಿಕೊಳ್ಳಿ. ಆ ಬಿಳಿ ನೀರಿಗೆ ಇದರ ಒಂದು ಹನಿ ಬಿದ್ದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಯಾಗುತ್ತದೆ. ಆಲೂಗಡ್ಡೆ ಹೋಳು, ಅನ್ನ, ಸೌತೆಕಾಯಿ, ಬೇಳೆ, ಸಕ್ಕರೆ, ಹಾಲು ಹೀಗೆ ಒಂದೊಂದರ ಮೇಲೆ ಹನಿ ಹಾಕುತ್ತಾ ಹೋಗಲಿ. ಹಾಲಿನಲ್ಲಿ ನೀಲಿ ಬಂದರೆ ಅದರಲ್ಲಿ ಯಾರೋ ಹಿಟ್ಟು ಬೆರೆಸಿದ್ದಾರೆ ಎಂದರ್ಥ. ಹಾಲಿನ ಕಲಬೆರಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಜನರಿಗೆ ಹೇಳಿಕೊಡುವ ಮನೆಪರೀಕ್ಷೆಗಳಲ್ಲಿ ಇದೂ ಒಂದು. ಒಂದು ಸೂಕ್ಷ್ಮ: ಬಿಸಿ ಗಂಜಿಗೆ ಹಾಕಿದರೆ ನೀಲಿ ಕಾಣುವುದಿಲ್ಲ, ಆರಿದ ಮೇಲೆ ಬರುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಸಿಕ್ಕಿಹಾಕಿಕೊಂಡು ತಾವೇ ಬಿಡಿಸಿಕೊಳ್ಳಲಿ.

ಅಯೋಡಿನ್ನಿನಿಂದ ನನಗೆ ಬಹಳ ಇಷ್ಟವಾದ ಪ್ರಯೋಗ ಒಂದಿದೆ, ಮಕ್ಕಳ ಜೊಲ್ಲಿನದು. ಒಂದು ಚಮಚ ಅನ್ನವನ್ನು ಉಗುರುಬೆಚ್ಚಗಿನ ನೀರಲ್ಲಿ ಕಿವುಚಿ, ಸೋಸಿ, ಆ ತಿಳಿಯನ್ನು ಎರಡು ಲೋಟಕ್ಕೆ ಸಮನಾಗಿ ಹಾಕಿ. ಒಂದಕ್ಕೆ ಮಗ ಒಂದಿಷ್ಟು ಜೊಲ್ಲು ಉಗುಳಲಿ (ಅನುಮತಿಯಿಂದ ಉಗುಳುವ ಅವಕಾಶ ಆರು ವರ್ಷದವರಿಗೆ ಇನ್ನೆಲ್ಲಿ ಸಿಗಬೇಕು!), ಇನ್ನೊಂದಕ್ಕೆ ಅಷ್ಟೇ ನೀರು. ಎರಡನ್ನೂ ಬೆಚ್ಚಗೆ ಕಾಲು ಗಂಟೆ ಇಟ್ಟು, ಅಯೋಡಿನ್ ಹನಿ ಹಾಕಿ. ನೀರು ಹಾಕಿದ್ದು ಕಡುನೀಲಿ, ಜೊಲ್ಲಿನದು ಪೇಲವ ಇಲ್ಲವೇ ಕಂದು. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಅಷ್ಟರಲ್ಲೇ ಪಿಷ್ಟವನ್ನು ಸಕ್ಕರೆಯ ಕಡೆಗೆ ಕತ್ತರಿಸುತ್ತಾ ಹೋಗಿರುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಇದಕ್ಕೇ. ಮಗಳು ಮುಂದುವರಿಸಲಿ: ಲೋಟವನ್ನು ಫ್ರಿಜ್‌ನಲ್ಲಿಟ್ಟರೆ? ಜೊಲ್ಲನ್ನು ಮೊದಲೇ ಕುದಿಸಿಬಿಟ್ಟರೆ? ನೀಲಿಯಾದ ಗಂಜಿಗೆ ನೆಲ್ಲಿಕಾಯಿ ರಸ ಹಾಕಿದರೆ ಬಣ್ಣ ಹೋಗುತ್ತದೆ, ಅದು ಜೊಲ್ಲಿನ ಕೆಲಸವಲ್ಲ, ವಿಟಮಿನ್ ಸಿ ಅಯೋಡಿನ್ನನ್ನೇ ಬದಲಿಸಿಬಿಡುತ್ತದೆ. ನೆಲ್ಲಿಕಾಯಿ, ನಿಂಬೆ, ಕಿತ್ತಳೆಗಳಲ್ಲಿ ಯಾವುದರ ಎಷ್ಟು ಹನಿಗೆ ಬಣ್ಣ ಹೋಗುತ್ತದೆ ಎಂದು ಎಣಿಸಿದರೆ ಅದೇ ಶಾಲೆಯ ಪ್ರಾಜೆಕ್ಟ್. ಅಯೋಡಿನ್ ತಾಗಿದ ಯಾವುದೂ ಮತ್ತೆ ಬಾಯಿಗೆ ಹೋಗಕೂಡದು, ಆ ಬಟ್ಟಲುಗಳನ್ನೂ ಬೇರೆಯೇ ಇಡಿ.

ಮೊಸರು, ದೋಸೆಹಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ದಾರಿ ನಿಮಗೆ ಈಗ ಗೊತ್ತಾಗಿದೆ. ಒಂದೇ ಹಾಲು, ಒಂದೇ ಅಳತೆಯ ಹೆಪ್ಪು, ಮೂರು ಲೋಟ: ಸುಡುಸುಡು, ಉಗುರುಬೆಚ್ಚಗೆ, ಫ್ರಿಜ್‌ನ ತಣ್ಣಗೆ. ಹಿಟ್ಟಾದರೆ ಲೋಟದ ಅರ್ಧ ತುಂಬಿಸಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಬೆಳಿಗ್ಗೆ ಎಷ್ಟು ಏರಿದೆ ನೋಡುವುದು. ಹೆಪ್ಪಿಲ್ಲದಿದ್ದರೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದರೂ ಮೊಸರಾಗುತ್ತದೆ ಎನ್ನುತ್ತಾರಲ್ಲ, ತೊಟ್ಟು ಹಾಕಿದ್ದು, ಹಾಕದ್ದು ಎರಡೂ ಪಕ್ಕಪಕ್ಕ ಇಟ್ಟು ನೋಡಿ.

ನಿಮ್ಮ ಎರಡನೇ ಪ್ರಶ್ನೆ ಹೆಚ್ಚು ಮುಖ್ಯವಾದದ್ದು: ‘ಯಾಕೆ’ ಅಂದರೆ ಏನು ಹೇಳಲಿ? ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಹೇಗೆ ತಿಳಿಯೋಣ?’ ಅನ್ನಿ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ತಪ್ಪು ಉತ್ತರ ಗೊತ್ತಿರುವುದು ಉತ್ತರ ಗೊತ್ತಿಲ್ಲದಿರುವುದಕ್ಕಿಂತ ಕೆಟ್ಟದ್ದು, ಮತ್ತು ಈ ಪ್ರಯೋಗಗಳ ಸುತ್ತ ತಪ್ಪು ಉತ್ತರಗಳು ಬೇಕಾದಷ್ಟಿವೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಆಮ್ಲಜನಕ ಖರ್ಚಾಯಿತು, ಆ ಐದನೇ ಒಂದು ಭಾಗದ ಜಾಗಕ್ಕೆ ನೀರು ಬಂತು’ ಎಂದು ಶಾಲೆಗಳಲ್ಲೂ ಹೇಳಿಕೊಡುತ್ತಾರೆ. ಹಾಗಾಗಿದ್ದರೆ ಬತ್ತಿ ಉರಿಯುವಾಗಲೇ ನೀರು ಒಂದೇ ಸಮನೆ ಏರಬೇಕಿತ್ತು. ಏರುವುದು ಹೆಚ್ಚಾಗಿ ಬತ್ತಿ ಆರಿದ ಮೇಲೆ. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ, ಲೋಟದ ಆಮ್ಲಜನಕವೇನೂ ಹೆಚ್ಚಾಗಿರುವುದಿಲ್ಲ. ಆಮ್ಲಜನಕ ಮಾಯವಾಗುವುದೂ ಇಲ್ಲ, ಕಾರ್ಬನ್ ಡೈಆಕ್ಸೈಡ್, ನೀರಾವಿಗಳಾಗಿ ಬದಲಾಗುತ್ತದೆ. ಅಸಲಿಗೆ ಬತ್ತಿಯ ಬಿಸಿಗೆ ಹಿಗ್ಗಿದ ಗಾಳಿ ಹೊರಹೋಗಿರುತ್ತದೆ, ಉಳಿದದ್ದು ಆರಿ ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬೆಂಕಿಯೇ ಇಲ್ಲದೆ ತೋರಿಸಬಹುದು: ಖಾಲಿ ಪ್ಲಾಸ್ಟಿಕ್ ಬಾಟಲಿಯೊಳಗೆ ಗೀಸರಿನ ಬಿಸಿನೀರು ಆಡಿಸಿ ಚೆಲ್ಲಿ, ಕೂಡಲೇ ಬಾಯಿಯನ್ನು ತಣ್ಣೀರಿನ ಬೋಗುಣಿಯಲ್ಲಿ ಬೋರಲು ಹಿಡಿಯಿರಿ. ನೀರು ತಾನೇ ಏರುತ್ತದೆ.

ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸಾಬೂನು ಹಚ್ಚಿದ ಬೆರಳು ಮುಟ್ಟಿಸಿದರೆ ಪುಡಿಯೆಲ್ಲ ಅಂಚಿಗೆ ಓಡುವುದೂ ಹಾಗೇ. ಕೊರೊನಾ ಕಾಲದಲ್ಲಿ ‘ಸಾಬೂನಿಗೆ ಹೆದರಿ ವೈರಸ್ ಓಡುತ್ತದೆ’ ಎಂದು ಅದನ್ನು ತೋರಿಸಿದರು. ಓಡಿಸುವುದು ನೀರಿನ ಮೇಲ್ಮೈ ಎಳೆತ, ಸಾಬೂನು ಬಿದ್ದಲ್ಲಿ ಆ ಎಳೆತ ಸಡಿಲವಾಗಿ, ಸುತ್ತಲಿನ ನೀರು ಪುಡಿಯನ್ನು ತನ್ನತ್ತ ಸೆಳೆಯುತ್ತದೆ. ಬಿ.ಎ. ಎಂದು ಹಿಂಜರಿದಿರಲ್ಲ, ಈ ವಿಷಯವನ್ನು ಆಳವಾಗಿ ಅಳೆದವಳು ಕಾಲೇಜಿಗೇ ಹೋಗದ ಒಬ್ಬ ಜರ್ಮನ್ ಹೆಣ್ಣುಮಗಳು, ಆಗ್ನೆಸ್ ಪೊಕೆಲ್ಸ್. ಅಪ್ಪ ಅಮ್ಮನ ಆರೈಕೆ, ಮನೆಗೆಲಸಗಳ ನಡುವೆ ಪಾತ್ರೆ ತೊಳೆಯುವ ನೀರಿನ ಮೇಲೆ ಎಣ್ಣೆ, ಸಾಬೂನು ಏನು ಮಾಡುತ್ತವೆಂದು ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು ಅಳೆಯುತ್ತಿದ್ದಳು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಬರೆದಳು, ಅವನು ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿದ, ಅದೇ ಮಾರ್ಚ್‌ನಲ್ಲಿ ಪ್ರಕಟವಾಯಿತು.

ಅಪಾಯದ ಮಾತು. ನಾನು ಹೆಚ್ಚು ಹೆದರುವುದು ಎಲೆಅಡಿಕೆಯ ಸುಣ್ಣಕ್ಕೆ. ಟ್ಯೂಬು, ಪೊಟ್ಟಣ ಹಿಚುಕುವಾಗ ಸಿಡಿದು ಮಕ್ಕಳ ಕಣ್ಣು ಹೋದದ್ದುಂಟು. ಅರಿಶಿನಕ್ಕೆ ಸಾಬೂನು, ಸೋಡಾ ಸಾಕು. ಸುಣ್ಣ ಬೇಕೇ ಬೇಕೆಂದರೆ ಕಡಲೆಕಾಳಿನಷ್ಟನ್ನು ನೀವೇ ನೀರಿಗೆ ಹಾಕಿ, ಡಬ್ಬಿ ಮೇಲಿಡಿ. ಕಣ್ಣಿಗೆ ಬಿದ್ದರೆ ಉಜ್ಜದೆ, ನಲ್ಲಿ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆಯುತ್ತಲೇ ಇದ್ದು, ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಸೋಡಾ ಮತ್ತು ಹುಳಿ ಹಾಕಿದ ಬಾಟಲಿಯ ಮುಚ್ಚಳ ಎಂದೂ ಬಿಗಿಯಬಾರದು, ಸಿಡಿಯುತ್ತದೆ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚ್ ಇವು ಪ್ರಯೋಗದ ಸಾಮಾನೇ ಅಲ್ಲ, ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ವಿಡಿಯೊದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅಲ್ಯೂಮಿನಿಯಂ ಹಾಳೆಯ ಜೊತೆ ಡ್ರೈನ್ ಕ್ಲೀನರ್ ಬೇಡ.

ಇಬ್ಬರಿಗೂ ಸೇರಿ ಒಂದು ನೋಟುಬುಕ್ಕು ಕೊಡಿ. ಮಾಡುವ ಮೊದಲು ಇಬ್ಬರ ಊಹೆ, ಆಮೇಲೆ ಕಂಡದ್ದು, ಇಷ್ಟು ಬರೆದರೆ ಸಾಕು. ಮಗನಿಗೆ ಬರೆಯಲು ಬಾರದಿದ್ದರೆ ಬಣ್ಣ ತುಂಬಲಿ. ತಪ್ಪಾದ ಊಹೆಯನ್ನು ಅಳಿಸಲು ಬಿಡಬೇಡಿ.

ಅತ್ತೆಯವರ ತಕರಾರು ನ್ಯಾಯವಾದದ್ದೇ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನವಕ್ಕೆ ಚಮಚ, ಹಿಡಿಗಿಂತ ಹೆಚ್ಚು ಬೇಡ, ಎಸರಿನ ರೊಟ್ಟಿಯನ್ನು ಬೇಯಿಸಿ ತಿನ್ನಬಹುದು, ಅಯೋಡಿನ್ ಸೋಕದ ಹಿಟ್ಟು ತೊಳೆದ ನೀರು ದನಕ್ಕೋ ಗಿಡಕ್ಕೋ ಆಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಅವರನ್ನೇ ಸೇರಿಸಿಕೊಳ್ಳುವುದು. ಎಸರು ಎಷ್ಟು ಕಾದಿರಬೇಕು, ಹಿಟ್ಟನ್ನು ಎಷ್ಟು ನಾದಬೇಕು ಎನ್ನುವುದು ನನಗಿಂತ ಅವರ ಕೈಗೆ ಚೆನ್ನಾಗಿ ಗೊತ್ತು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಈ ವಾರ ಗಿರಣಿಯಿಂದ ತಂದ ಹಿಟ್ಟಿನಲ್ಲಿ ಒಂದು ಡಬ್ಬಿ ಎತ್ತಿಟ್ಟು, ತಿಂಗಳು ಬಿಟ್ಟು ಹೊಸ ಹಿಟ್ಟಿನ ಜೊತೆ ಹೋಲಿಸಿ ನೋಡಿ. ಯಾವುದು ಯಾವ ಹಿಟ್ಟು ಎಂದು ಹೇಳದೆ, ಬಡಿಯುವ ಕೆಲಸ ಅತ್ತೆಯವರಿಗೆ ಕೊಡಿ.